ಯಾವ ಕಾಲೇಜಿನವರು ಎಷ್ಟು ಮಂದಿ

ದಯವಿಟ್ಟು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದವರೆಲ್ಲ ನಮ್ಮ ಅಪ್ಪನನ್ನು ಬೈದುಕೊಂಡೇ ಹೋಗಿದ್ದಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಕೆಟ್ಟವನಲ್ಲ. ಬೈಯಲೇಬೇಕು ಅನ್ನಿಸಿದರೆ ಕೊನೆಯವರೆಗೆ ಕೇಳಿ, ಆಮೇಲೆ ಯಾರನ್ನು ಬೈಯಬೇಕೋ ಬೈಯಿರಿ.

ಎಂಬತ್ತಾರನೇ ಇಸವಿ, ಜೂನ್ ತಿಂಗಳು. ಕುಬಿಹಾಳದ ನಮ್ಮ ಮನೆಯಲ್ಲಿ ಐದು ಜನ. ಅಪ್ಪ ಈರಬಸಪ್ಪ, ಅವ್ವ ಶಿವಗಂಗವ್ವ, ಅಪ್ಪನ ತಾಯಿ ಅನ್ನವ್ವ ಆಯಿ, ಅಕ್ಕ ಮಹಾದೇವಕ್ಕ, ನಾನು ಮಡಿವಾಳೆಪ್ಪ. ಅಕ್ಕ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಓಡಾಡಿ ಬಿ.ಎ. ಮುಗಿಸಿದ್ದಳು. ಫಲಿತಾಂಶ ಬಂದಾಗ ಇಡೀ ಯುನಿವರ್ಸಿಟಿಗೆ ಏಳನೆಯವಳು. ನನಗೆ ಹತ್ತೊಂಬತ್ತು, ಬಿ.ಕಾಂ., ಅದೇ ಬಸ್ಸು, ಏಳನೇ ನಂಬರಿನ ಹತ್ತಿರಕ್ಕೂ ಹೋಗುವವನಲ್ಲ.

ಆ ರಾತ್ರಿ ಅಪ್ಪ ಊಟಕ್ಕೆ ಕೂತಿದ್ದ. ಜುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ. ಅಕ್ಕ ಮಜ್ಜಿಗೆ ಹಾಕುತ್ತ ಕೇಳಿದಳು.

"ಅಪ್ಪಾ, ನಾ ಲಾ ಕಾಲೇಜಿಗೆ ಹೋಗ್ಲೇನ್ರಿ?"

"ಎಲ್ಲೈತಿ ಅದು?"

"ಹುಬ್ಬಳ್ಳ್ಯಾಗ ಐತ್ರಿ. ಇದ ಬಸ್ಸು, ಇದ ಪಾಸು. ಮೂರು ವರ್ಷ."

ಗೋಡೆಗೆ ಒರಗಿ ಕೂತಿದ್ದ ಆಯಿ ಬಾಯಿ ಹಾಕಿದಳು. "ಕೋರ್ಟಿನ ಕಟ್ಟಿ ಏರಿದ ಮನಿ ಉದ್ಧಾರ ಆಗಿದ್ದು ನಾ ನೋಡಿಲ್ಲವಾ."

"ಹಾಳಾದಾವ್ರು ಜಗಳಾ ಮಾಡಾಕ ಹೋದಾವ್ರು, ಆಯಿ. ವಕೀಲರ ಮನಿ ಯಾವುದರ ಬಿದ್ದದ್ದು ನೋಡಿಯೇನು?" ಅಂದಳು ಅಕ್ಕ.

ಅಪ್ಪ ನಕ್ಕ. ನಕ್ಕನೆಂದರೆ ಅರ್ಧ ಒಪ್ಪಿದ ಹಾಗೆ. "ಆತು. ಕಲಘಟಗ್ಯಾವ್ರು ಶ್ರಾವಣದಾಗ ಲಗ್ನದ ಮಾತಿಗೆ ಬರ್ತೇವಿ ಅಂದಾರ. ಅಲ್ಲೀತನಾ ಹೋಗಿ ಬರ್ಲಿ. ಮುಂದ ಅವ್ರು ಓದಿಸಿದ್ರ ಓದಸ್ಲಿ. ನಾವರ ಯಾಕ ಬ್ಯಾಡ ಅನ್ನೂಣು."

ಇಷ್ಟೇ. ಇಲ್ಲಿಗೇ ಮುಗಿದಿದ್ದರೆ ಅಕ್ಕ ಮರುದಿನ ಹುಬ್ಬಳ್ಳಿಗೆ ಹೋಗಿ ಫಾರ್ಮು ತರುತ್ತಿದ್ದಳು. ಆದರೆ ನನಗೆ ಸುಮ್ಮನಿರಲು ಆಗಲಿಲ್ಲ. ಅಕ್ಕ ಏಳನೆಯವಳು, ಏಳನೆಯವಳು ಎಂದು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಇನ್ನೂ ಅದೇ ಹುಮ್ಮಸ್ಸು.

"ಹುಬ್ಬಳ್ಳಿ ಯಾಕ್ರಿ ಅಪ್ಪಾ? ಎತ್ತು ತರೂಮುಂದ ನಾಕು ಸಂತಿ ತಿರಗತೀರಿ. ಕಾಲೇಜು ಅಂದ್ರ ಹತ್ತರದ್ದು ಹಿಡೀಬೇಕೇನು?"

ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಈ ಮಾತು ಅವನಿಗೆ ಎಲ್ಲಿ ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೈಬ್ರಿಡ್ ಹತ್ತಿ ಬಂದ ವರ್ಷ ಊರವರೆಲ್ಲ ಬೀಜದ ಅಂಗಡಿಯವನ ಮಾತು ನಂಬಿದರು. ಅಪ್ಪ ಮಾತ್ರ ಎರಡು ದಿನ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ಕೂತ. ಯಾವ ಬೀಜದ ಹತ್ತಿಯ ಮೂಟೆ ಮೊದಲು ಮಾರಾಟವಾಗುತ್ತದೆ, ಯಾವುದು ಸಂಜೆಯವರೆಗೆ ಬಿದ್ದಿರುತ್ತದೆ ಎಂದು ಎಣಿಸಿಕೊಂಡು ಬಂದು, ಆಮೇಲೆ ಬೀಜ ಕೊಂಡ. ಅವತ್ತಿನಿಂದ ಅವನದೊಂದು ಮಾತು, ಮಾರುವವನ ಬಾಯಿ ಕೇಳಬಾರದು, ಕೊಳ್ಳುವವನ ಕೈ ನೋಡಬೇಕು.

"ಹಂಗಾದ್ರ ಇದಕ್ಕ ಕೊಳ್ಳಾವ್ರು ಯಾರಲೇ?" ಅಪ್ಪ ಕೇಳಿದ.

"ದೊಡ್ಡ ದೊಡ್ಡ ವಕೀಲರ ಆಫೀಸ್ರಿ. ಹತ್ತು ಹದಿನೈದು ಮಂದಿ ಜೂನಿಯರ್ ಇಟಗೊಂಡಾವ್ರು. ಮುಂಬೈ, ಪುಣೆ, ಬೆಂಗಳೂರಿನ್ಯಾಗ ಕಂಪನಿ ಕೇಸು ನಡಸಾವ್ರು. ಅವ್ರು ಯಾವ ಕಾಲೇಜಿನಾವ್ರನ್ನ ತಗೋತಾರ, ಅದ ಛಲೋ ಕಾಲೇಜು."

"ಎಣಸ್ರಿ ಮತ್ತ," ಅಂದ ಅಪ್ಪ. "ಎಲ್ಲಿದು ಹೆಚ್ಚ ಬರ್ತೈತಿ, ಅಲ್ಲಿಗೆ ಕಳಸ್ತೇನಿ. ಪುಣೆ ಆಗ್ಲಿ, ಮುಂಬೈ ಆಗ್ಲಿ. ಕಲಘಟಗ್ಯಾವ್ರ ಕಡೆ ಮೂರು ವರ್ಷ ನಾ ಕೇಳಕೋತೇನಿ."

ಅಡುಗೆಮನೆಯಲ್ಲಿ ಅವ್ವನ ಕೈಯ ರೊಟ್ಟಿ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಮುಸುರೆ ತಿಕ್ಕುವಾಗ ಅಕ್ಕ ನನಗೆ ಬೈದಳು. "ಬಾಯಿ ಮುಚಗೊಂಡು ಕುಂತಿದ್ರ ನನ್ನ ಕೆಲಸಾ ಆಗಿತ್ತಲೇ."

"ಅಕ್ಕಾ, ಪುಣೆಗೆ ಕಳಸ್ತೇನಿ ಅಂದಾನ ಅಪ್ಪ. ಪುಣೆ."

"ಪುಣೆ," ಅಂದಳು ಅವಳು. ತಪ್ಪಲೆಯನ್ನು ಬೋರಲು ಹಾಕಿ ಇನ್ನೊಮ್ಮೆ, ತನ್ನಷ್ಟಕ್ಕೆ, "ಪುಣೆ" ಅಂದಳು. ಅಲ್ಲಿಗೆ ಅವಳೂ ಸಿಕ್ಕಿಬಿದ್ದಳು.

ನಮ್ಮೂರಿನ ದಾವೂದಸಾಬ ಕಾಕಾ ಹುಬ್ಬಳ್ಳಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದರು. ಅವರಿಗೆ ಎಲ್ಲ ವಕೀಲರ ಪರಿಚಯ. ದೂರದೂರಿನ ನಲವತ್ತು ಆಫೀಸುಗಳ ವಿಳಾಸ ಸಂಗ್ರಹಿಸಿ ಕೊಟ್ಟರು. ನಾನು ಅಂಚೆ ಕಚೇರಿಯಿಂದ ನಲವತ್ತು ಜವಾಬಿ ಕಾರ್ಡು ತಂದೆ. ಒಂದರಲ್ಲಿ ನಾವು ಬರೆಯಬೇಕು, ಅಂಟಿಕೊಂಡ ಇನ್ನೊಂದರಲ್ಲಿ ಅವರು ಉತ್ತರ ಬರೆದು ಹಾಕಬೇಕು. ಅಕ್ಕ ಇಂಗ್ಲಿಷಿನಲ್ಲಿ ಚೊಕ್ಕಾಗಿ ಬರೆದಳು. ತಮ್ಮಲ್ಲಿ ಕೆಲಸಕ್ಕಿರುವ ಕಿರಿಯ ವಕೀಲರ ಹೆಸರು, ಅವರು ಕಲಿತ ಕಾಲೇಜು, ಇಷ್ಟು ತಿಳಿಸಿದರೆ ಉಪಕಾರವಾಗುತ್ತದೆ. ಕೆಳಗೆ ಅಪ್ಪನ ಹೆಸರು ಹಾಕಿದಳು. ದೊಡ್ಡವರ ಹೆಸರಿದ್ದರೆ ಉತ್ತರ ಬರುತ್ತದೆ ಎಂದು.

ಸುತ್ತಲಿನ ಆಫೀಸುಗಳನ್ನು ನಾನೇ ಕಾಲ್ನಡಿಗೆಯಲ್ಲಿ ಎಣಿಸಿದೆ. ಬೋರ್ಡು ನೋಡುವುದು, ಗುಮಾಸ್ತರಿಗೆ ಚಹಾ ಕುಡಿಸುವುದು, ಕೇಳಿ ಬರೆದುಕೊಳ್ಳುವುದು. ಕ್ಲಾಸು ತಪ್ಪಿದವು, ಆ ವರ್ಷದ ಬಿ.ಕಾಂ. ತಪ್ಪಿತು, ನನಗೆ ಅದರ ಪರಿವೆಯೇ ಇಲ್ಲ. ನಿಯಮಗಳನ್ನು ಮಾಡಿದವನೂ ನಾನೇ. ಆರು ಜನಕ್ಕಿಂತ ಕಡಿಮೆ ಇದ್ದ ಆಫೀಸು ಲೆಕ್ಕಕ್ಕಿಲ್ಲ. ಸ್ವಂತ ಕೂತು ವಕೀಲಿ ಮಾಡುವವರು ಲೆಕ್ಕಕ್ಕಿಲ್ಲ, ಅವರನ್ನು ಯಾರೂ ಆರಿಸಿಕೊಂಡಿಲ್ಲವಲ್ಲ. ಬೋರ್ಡಿನ ಮೇಲೆ ಹೆಸರಿದ್ದವರು ಮಾತ್ರ ಲೆಕ್ಕ.

ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವ ದಿನಗಳು. ಆಳುಗಳಿಗೆ ಬುತ್ತಿ ಹೋಗಬೇಕು, ದಿನಕ್ಕೆ ಮೂವತ್ತು ರೊಟ್ಟಿ. ಅವ್ವನ ಸಹನೆ ಹರಿಯಿತು.

"ಒಬ್ಬಾಕಿ ಬರಿಯಾಕ ಕುಂತಾಳ, ಒಬ್ಬಾಂವ ಎಣಸಾಕ ಕುಂತಾನ. ರೊಟ್ಟಿ ಯಾರು ಬಡೀಬೇಕು, ಹುಬ್ಬಳ್ಳಿ ಜಡ್ಜು ಬರ್ತಾನೇನು?"

"ಬಂದ್ನಿ ಯವ್ವಾ, ಇದೊಂದು ಕಾರ್ಡು."

"ನಿನ್ನಿಯಿಂದ ಅದ ಒಂದು ಕಾರ್ಡು. ಕಲಘಟಗಿ ಮನ್ಯಾಗ ಹದಿನಾಕು ಮಂದಿ ಉಣ್ಣಾವ್ರ ಅದಾರ, ಅಲ್ಲಿ ಕಾರ್ಡು ಬೇಯಿಸಿ ಹಾಕ್ತಿಯೇನು?"

ಆಯಿಗೆ ಇದೆಲ್ಲ ಮೋಜು. "ಕಲಘಟಗಿಗೇ ಕೊಡ್ರಿ. ಅಲ್ಲಿ ಬಣ್ಣದ ತೊಟ್ಟಲಾ ಮಾಡ್ತಾರ. ತವರಿನಿಂದ ಹೊತಗೊಂಡು ಹೋಗೂದು ಒಂದು ತಪ್ತೈತಿ."

ಉತ್ತರಗಳು ಬರತೊಡಗಿದವು. ನಾವು ಯಾರೂ ನಂಬಿರಲಿಲ್ಲ. ಮುಂಬೈಯಿಂದ, ಪುಣೆಯಿಂದ, ಬೆಂಗಳೂರಿನಿಂದ, ದೊಡ್ಡ ದೊಡ್ಡವರ ಆಫೀಸಿನವರು ಕುಬಿಹಾಳದ ಈರಬಸಪ್ಪನಿಗೆ ಉತ್ತರ ಬರೆದಿದ್ದರು. ಅಪ್ಪ ಹೊಲದಿಂದ ಬಂದು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಕೇಳುತ್ತಿದ್ದ, "ಇವತ್ತ ಎಷ್ಟು ಬಂದ್ವು?" ಕಟ್ಟೆಯ ಮೇಲೆ ಕೂತವರೂ ಕೇಳತೊಡಗಿದರು, "ಏನ್ರಿ ಈರಬಸಪ್ಪನವರ, ಪುಣೆ ಮುಂದೈತೋ ಮುಂಬೈ ಮುಂದೈತೋ?" ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು, ಕಾಲೇಜಿಗೊಂದು ಸಾಲು ಮಾಡಿ, ಪಡಸಾಲೆಯ ಕಂಬಕ್ಕೆ ತೂಗುಹಾಕಿದೆ.

ಜುಲೈ ಕೊನೆಗೆ ಇಪ್ಪತ್ತಾರು ಕಾರ್ಡು ಬಂದಿದ್ದವು. ನಾನು ತಿರುಗಿದ ಆಫೀಸು ಸೇರಿ ಮೂವತ್ತೈದು. ಪುಣೆಯದೊಂದು ಕಾಲೇಜು ಎಲ್ಲಕ್ಕೂ ಮುಂದೆ, ತೊಂಬತ್ತೊಂದು. ಮುಂಬೈಯದು ಎಂಬತ್ತು. ಆಮೇಲೆ ಬೆಂಗಳೂರು, ಬೆಳಗಾವಿ. ನಮ್ಮ ಹುಬ್ಬಳ್ಳಿಯದು ಹದಿನಾಲ್ಕು.

ಅಪ್ಪ ಕಂಬದ ಮುಂದೆ ನಿಂತು ಬೆರಳಿಟ್ಟು ಎಲ್ಲ ಸಾಲು ಎಣಿಸಿದ. "ಪುಣೆ," ಅಂದ.

ಅಕ್ಕನಿಗೆ ಆ ದಿನ ಊಟ ಸೇರಲಿಲ್ಲ. ಆಯಿ ಕೇಳಿದಳು, "ಪುಣೆದಾಗ ಜ್ವಾಳದ ರೊಟ್ಟಿ ಸಿಗ್ತಾವೇನ?" ಮರುದಿನ ಅವ್ವ ಶೇಂಗಾ ಹುರಿಯುವುದನ್ನು ಕಂಡೆ. ಇಷ್ಟ್ಯಾಕ ಎಂದರೆ, "ಹಾಸ್ಟೆಲಿನ್ಯಾಗ ಚಟ್ನಿ ಯಾರು ಕೊಡ್ತಾರ," ಅಂದಳು.

ಶ್ರಾವಣದ ಮೊದಲ ವಾರ ಕಲಘಟಗಿಯವರು ಬಂದರು. ಹುಡುಗನ ತಂದೆ ಈರಪ್ಪನವರು, ಜೊತೆಗೆ ಇಬ್ಬರು ಹಿರಿಯರು. ಭತ್ತ, ಕಬ್ಬು, ಸ್ವಂತ ಆಲೆಮನೆ ಇದ್ದ ಮನೆತನ. ಈರಪ್ಪನವರು ಒಳ್ಳೆಯ ಮಾತಿನ ಮನುಷ್ಯ. ಅಪ್ಪ ಎಲ್ಲವನ್ನೂ ಬಿಚ್ಚಿ ಹೇಳಿದ. ಮೂರು ವರ್ಷ ತಡೆಯಿರಿ, ಹುಡುಗಿ ಪುಣೆಯಲ್ಲಿ ಕಲಿತು ಬರುತ್ತಾಳೆ, ನಿಮ್ಮ ಮನೆಗೇ ಗೌರವ. ಕಂಬದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ.

ಈರಪ್ಪನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಭಾರೀ ಕೆಲಸಾ ಮಾಡೀರಿ ಬಿಡ್ರಿ," ಅಂದರು. ಆಮೇಲೆ, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, "ಇದರಾಗ ಹೆಣ್ಮಕ್ಳು ಎಷ್ಟ್ರಿ?"

ಅಪ್ಪ ನನ್ನ ಕಡೆ ತಿರುಗಿದ. "ಎಷ್ಟಲೇ?"

ನಾನು ಕಾರ್ಡಿನ ಕಟ್ಟು ಬಿಚ್ಚಿದೆ. ಎಲ್ಲರ ಎದುರಿಗೆ ಒಂದೊಂದೇ ತಿರುವಿದೆ. ಅಕ್ಕ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾವು ಅದನ್ನ ಬ್ಯಾರೆ ಎಣಿಸಿಲ್ರಿ," ಅಂದೆ.

"ಈಗ ಎಣಸು."

"ಯಾರೂ ಇಲ್ರಿ."

"ನಾ ಸುಮ್ನ ಕೇಳಿದ್ನಿ," ಅಂದರು ಈರಪ್ಪನವರು. ನಿಜವಾಗಿಯೂ ಸುಮ್ಮನೆ ಕೇಳಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಎದ್ದವರೂ ಅವರೇ, "ನೋಡ್ರಿ, ವಿಚಾರ ಮಾಡ್ರಿ, ಅವಸರ ಇಲ್ಲ" ಎಂದು. ಅಪ್ಪನಿಗೆ ಮಾತ್ರ ಅವಮಾನವಾಗಿತ್ತು. ಕೊಳ್ಳುವವನ ಕೈ ನೋಡಬೇಕು ಎನ್ನುವವನು, ಆ ಕೈ ಯಾರನ್ನು ಮುಟ್ಟುವುದಿಲ್ಲ ಎಂಬುದನ್ನೇ ನೋಡಿರಲಿಲ್ಲ.

"ಎಂಟು ದಿನಾ ಕೊಡ್ರಿ," ಅಂದ ಅಪ್ಪ, ಹಿರಿಯರ ಮುಂದೆ. "ಇಂಥಾ ದೊಡ್ಡ ಆಫೀಸಿನ್ಯಾಗ ಲಾ ಕಲತ ಹೆಣ್ಮಗಳು ಒಬ್ಬಾಕಿ ಕೆಲಸಕ್ಕಿದ್ರ ಸಾಕು, ನನ್ನ ಮಗಳನ್ನ ಕಳಸ್ತೇನಿ. ಒಬ್ಬಾಕೀನೂ ಸಿಗಲಿಲ್ಲಂದ್ರ ಈ ವರ್ಷನ ಲಗ್ನಾ, ನಿಮ್ಮ ಮನಿಗೆ ಅಕ್ಕಿಕಾಳು."

ಅವರು ಹೋದ ಮೇಲೆ ಜಗಳ ಶುರುವಾಯಿತು. ನಮ್ಮ ಮನೆಯಲ್ಲಿ ಅಕ್ಕ ಅಪ್ಪನಿಗೆ ಎದುರುತ್ತರ ಕೊಟ್ಟಿದ್ದು ಅದೇ ಮೊದಲು.

"ಯಾರೂ ಹೋಗಿಲ್ಲಂದ್ರ ಯಾರರ ಒಬ್ರು ಮೊದ್ಲ ಹೋಗಬೇಕಲ್ರಿ ಅಪ್ಪಾ."

"ಹೊಸಾ ಬೀಜಾ ಮೊದ್ಲ ನಮ್ಮ ಹೊಲದಾಗ ಯಾಕ ಹಾಕೂಣು? ಬಾಜೂದಾವ್ರು ಹಾಕ್ಲಿ, ನೋಡಿ ಹಾಕೂಣು."

"ನಾ ಬೀಜಲ್ರಿ."

"ನೀ ಮಗಳು, ಅದಕ್ಕ ಹೇಳಾಕತ್ತೇನಿ. ಬೀಜಾ ಕೆಟ್ಟರ ಒಂದು ವರ್ಷ ಹೋಗ್ತೈತಿ. ನಿನ್ನ ಮೂರು ವರ್ಷ ಹೋದ್ರ ತಿರಿಗಿ ಕೊಡಾವ್ರು ಯಾರು?"

"ಹುಬ್ಬಳ್ಳಿಗರ ಹೋಗ್ತೇನ್ರಿ. ಮೊದ್ಲ ಹೂಂ ಅಂದಿದ್ರಿ."

"ಆವಾಗ ನನಗೇನ ಗೊತ್ತಿತ್ತು? ಹುಬ್ಬಳ್ಳಿದು ಹದಿನಾಕು ಅಂತ ನೀವ ಎಣಿಸೀರಿ. ಆ ಹದಿನಾಕರಾಗೂ ನಿನ್ನಂಥಾಕಿ ಒಬ್ಬಾಕಿ ಇಲ್ಲ. ಗೊತ್ತಾದ ಮ್ಯಾಲೂ ಕಣ್ಣ ಮುಚಗೊಂಡು ಕಳಸು ಅಂತೀಯೇನು?"

ಅಪ್ಪ ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈತೊಳೆದ. ಅವ್ವ ಆ ರೊಟ್ಟಿಯನ್ನು ಎತ್ತಿಟ್ಟಳು.

ಎಂಟು ದಿನ. ಕಾರ್ಡು ಹಾಕಿ ಉತ್ತರ ಕಾಯಲು ಸಮಯವಿಲ್ಲ. ಕಾಲೇಜಿನ ಫಾರ್ಮಿಗೂ ಆ ಮುಂದಿನ ವಾರವೇ ಕಡೆಯ ದಿನ. ಅಕ್ಕ ಬಸ್ಸು ಹತ್ತಿಸಲು ಬಂದು, "ಒಂದ ಹೆಸರು ತಾ ಮಡಿವಾಳಾ," ಅಂದಳು. "ಒಂದು ಸಾಕು."

ನಾನು ಹುಬ್ಬಳ್ಳಿ, ಧಾರವಾಡ ತಿರುಗಿದೆ. ವಕೀಲಿ ಮಾಡುವ ಹೆಂಗಸರು ಇರಲಿಲ್ಲವೆಂದಲ್ಲ. ಸ್ವಂತ ಕೂತು ಕೇಸು ನಡೆಸುವ ಇಬ್ಬರನ್ನು ಕಂಡೆ, ಕರಿ ಕೋಟು ಹಾಕಿಕೊಂಡು ಜೋರಾಗಿ ವಾದಿಸುವವರು. ಎರಡನೇ ದಿನವೇ ಓಡಿ ಬಂದು ಅಪ್ಪನಿಗೆ ಹೇಳಿದೆ.

"ಯಾರ ಆಫೀಸಿನ್ಯಾಗ ಅದಾರ?"

"ಸ್ವಂತ ಕುಂತಾರ್ರಿ."

"ಸ್ವಂತ ಕುಂತಾವ್ರನ್ನ ಎಣಸಬಾರ್ದು ಅಂತ ಯಾರು ಗೆರಿ ಹೊಡದ್ರು?"

ನಾನೇ. ತಲೆ ತಗ್ಗಿಸಿ ಒಳಗೆ ಹೋದೆ.

ಏಳನೇ ದಿನ ಬೇವಿನ ಮರದ ಕೆಳಗೆ ಸುಮ್ಮನೆ ಕೂತಿದ್ದೆ. ದಾವೂದಸಾಬ ಕಾಕಾ ಒಂದು ಅರ್ಜಿಗೆ ಸ್ಟಾಂಪು ಅಂಟಿಸುತ್ತ, "ಒಬ್ಬಾಕಿ ಅದಾಳಲೇ," ಅಂದರು. "ಹೇಳ್ಲೋ ಬ್ಯಾಡೋ ಅಂತ ನಾಕು ದಿನದಿಂದ ವಿಚಾರ ಮಾಡಾಕತ್ತೇನಿ. ಬೋರ್ಡಿನ್ಯಾಗ ಹೆಸರಿಲ್ಲ ಆಕೀದು. ನೀನ ಹೋಗಿ ನೋಡು."

ಅದು ಹುಬ್ಬಳ್ಳಿಯಲ್ಲೇ ಎಲ್ಲಕ್ಕೂ ದೊಡ್ಡ ಆಫೀಸು. ಬೋರ್ಡಿನ ಮೇಲೆ ಹನ್ನೆರಡು ಹೆಸರು, ನಾನು ಜೂನ್ ತಿಂಗಳಲ್ಲೇ ಬರೆದುಕೊಂಡು ಹೋಗಿದ್ದ ಹೆಸರುಗಳು. ಕಕ್ಷಿದಾರರು ಕೂರುವ ಬೆಂಚನ್ನು ದಾಟಿ ಒಳಗೆ ಹೋದರೆ, ಕಪಾಟುಗಳ ನಡುವೆ, ಕಿಟಕಿಯ ಪಕ್ಕ ಒಂದು ಟೈಪ್‌ರೈಟರ್. ಅದರ ಮುಂದೆ ನೀಲಕ್ಕ. ಅಣ್ಣಿಗೇರಿಯವಳು. ಮೂವತ್ತು ದಾಟಿರಬೇಕು, ನೂಲಿನ ಸೀರೆ, ಬೆರಳಿಗೆ ಕಾರ್ಬನ್ ಕಾಗದದ ಮಸಿ.

ನಾನು ಬಂದ ಕಾರಣ ಹೇಳಿದೆ. ಅವಳು ನಗಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ.

"ಲಾ ಕಲತೇನಿ. ಫಸ್ಟ್ ಕ್ಲಾಸು," ಅಂದಳು. "ಎರಡು ವರ್ಷ ಕರಿ ಕೋಟು ಹಾಕ್ಕೊಂಡು ಇದ ಆಫೀಸಿನ ಬಾಗಲಾ ತಿರಿಗಿದೆ. ಜೂನಿಯರ್ ಜಾಗಾ ಖಾಲಿ ಇಲ್ಲ, ಟೈಪ್ ಬರ್ತೈತೇನು ಅಂದ್ರು. ಕಲತೆ. ಆರು ವರ್ಷ ಆತು."

"ಪಗಾರ್ರಿ?"

"ಟೈಪಿಸ್ಟಂದು."

ಅಷ್ಟರಲ್ಲಿ ಒಬ್ಬ ಜೂನಿಯರ್ ಬಂದ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಫೈಲು ಮೇಜಿನ ಮೇಲಿಟ್ಟು, "ಬಾಯಾರ, ಇದು ಯಾವ ಸೆಕ್ಷನ್ನಿಗೆ ಬರ್ತೈತ್ರಿ? ಸಾಹೇಬ್ರು ಈಗ ಕೇಳ್ತಾರ," ಅಂದ. ಅವಳು ತಲೆ ಎತ್ತದೆ ಸೆಕ್ಷನ್ ಹೇಳಿದಳು, ಜೊತೆಗೆ ಯಾವ ಕಪಾಟು, ಎಷ್ಟನೇ ಪುಸ್ತಕ ಅನ್ನುವುದನ್ನೂ. ಅವನು ಹೋದ. ಅವಳು ಮತ್ತೆ ಟೈಪ್ ಮಾಡತೊಡಗಿದಳು, ನಿಲ್ಲದೆ, ಪುಟದ ಮೇಲೆ ಪುಟ. ನಾನು ನೋಡುತ್ತ ನಿಂತೆ. ಮಷೀನಿನ ಪಕ್ಕದಲ್ಲಿ ನೋಡಿ ಹೊಡೆಯಲು ಯಾವ ಕೈಬರಹದ ಕಾಗದವೂ ಇರಲಿಲ್ಲ. ಬರೆದವರು ಬೇರೆ ಯಾರೂ ಅಲ್ಲ. ಅವಳೇ ವಿಚಾರ ಮಾಡುತ್ತಿದ್ದಳು, ಅವಳೇ ಬರೆಯುತ್ತಿದ್ದಳು. ಕೆಳಗೆ ಸಹಿ ಮಾಡುವವರು ಮಾತ್ರ ಬೇರೆ.

ಹೊರಡುವಾಗ ಕೇಳಿದೆ. "ನಮ್ಮಪ್ಪಗ ಏನಂತ ಹೇಳ್ಲಿ ಅಕ್ಕಾರ?"

ಅವಳು ಕಾರ್ಬನ್ ಬದಲಾಯಿಸಿದಳು.

"ನನ್ನ ಕೇಳಬ್ಯಾಡಪಾ. ನಮ್ಮಪ್ಪಗ ಯಾರೂ ಹೇಳಿರಲಿಲ್ಲ. ಹೇಳಿದ್ರ ಛಲೋ ಇತ್ತು ಅಂತ ಒಂದೊಂದು ದಿನಾ ಅನಸ್ತೈತಿ. ಒಂದೊಂದು ದಿನಾ ಹೇಳಲಿಲ್ಲಲ್ಲ, ಪುಣ್ಯಾ ಬಂತು ಅನಸ್ತೈತಿ. ನಿನಗ ಹೆಂಗ ಕಾಣಸ್ತೈತಿ, ಹಂಗ ಹೇಳು."

ಸಂಜೆ ಬಸ್ಸು ಇಳಿದರೆ ಅಕ್ಕ ನೀರಿನ ಕೊಡ ಹೊತ್ತುಕೊಂಡು ಕೆರೆಯ ದಾರಿಯಲ್ಲಿ ಬರುತ್ತಿದ್ದಳು. ದೂರದಿಂದಲೇ ಕೇಳಿದಳು, "ಸಿಕ್ಕಳೇನೋ?"

"ಸಿಕ್ಕಳು."

"ದೊಡ್ಡ ಆಫೀಸು?"

"ಎಲ್ಲಾಕ್ಕಿಂತ ದೊಡ್ಡದು."

ಅವಳು ಮುಂದೆ ಏನೂ ಕೇಳಲಿಲ್ಲ. ಕೊಡದ ನೀರು ತುಳುಕಿ ಹೆಗಲೆಲ್ಲ ತೊಯ್ದಿತು, ಹಾಗೇ ದಾಪುಗಾಲು ಹಾಕಿದಳು. ನಾನು ಹಿಂದಿನಿಂದ "ಅಕ್ಕಾ, ತಡಿ, ಒಂಚೂರು ತಡಿ" ಎಂದೆ. ಎರಡು ಸಲ ಎಂದೆ. ನಾನು ಮನೆ ಮುಟ್ಟುವುದರೊಳಗೆ ಅವಳು ಪಡಸಾಲೆಯಲ್ಲಿ ಹೇಳಿ ಆಗಿತ್ತು, "ಅಪ್ಪಾ, ಒಬ್ಬಾಕಿ ಅದಾಳಂತ್ರಿ."

ಅಪ್ಪನ ಮುಖ ನೋಡಬೇಕಿತ್ತು ನೀವು. ಗೆದ್ದವನ ಮುಖ. ಅವನಿಗೂ ಅಕ್ಕನನ್ನು ಕಳಿಸುವ ಆಸೆಯೇ ಇತ್ತು, ಅದು ಅವತ್ತು ನನಗೆ ಕಾಣಿಸಿತು. "ಬಾರಲೇ, ಕುಂಡ್ರು. ಏನ ಹೆಸರು ಆಕೀದು?"

"ನೀಲಕ್ಕ ಅಂತ್ರಿ. ಅಣ್ಣಿಗೇರ್ಯಾಕಿ."

"ಲಾ ಕಲತಾಳ?"

"ಹೌದ್ರಿ. ಫಸ್ಟ್ ಕ್ಲಾಸು."

"ಬೋರ್ಡಿನ ಮ್ಯಾಲೆ ಹೆಸರೈತಿ?"

"ಇಲ್ರಿ."

ಅಪ್ಪ ಮುಂದಕ್ಕೆ ಬಾಗಿದ. "ಮತ್ತ ಅಲ್ಲಿ ಏನು ಮಾಡ್ತಾಳ?"

ಆಯಿ ಜಪದ ಮಣಿ ನಿಲ್ಲಿಸಿದ್ದಳು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ, ಕೈತುಂಬ ಹಿಟ್ಟು. ಅಕ್ಕ ಇನ್ನೂ ಕೊಡ ಇಳಿಸಿರಲಿಲ್ಲ. ನನ್ನ ತಲೆಯಲ್ಲಿ ಎಲ್ಲವೂ ಇತ್ತು, ಸೆಕ್ಷನ್, ಕಪಾಟು, ಎದುರಿಗೆ ಕಾಗದವಿಲ್ಲದ ಆ ಮಷೀನು. ಎಲ್ಲ ಒಮ್ಮೆಗೇ ಬಾಯಿಗೆ ಬಂದು, ಹೊರಬಿದ್ದದ್ದು ಒಂದೇ ಮಾತು.

"ಟೈಪ್ ಮಾಡ್ತಾಳ್ರಿ."

ಮೊದಲು ಮಾತಾಡಿದವಳು ಅವ್ವ, ಇಷ್ಟು ದಿನ ಕಲಘಟಗಿ ಕಲಘಟಗಿ ಎನ್ನುತ್ತಿದ್ದವಳು.

"ಟೈಪರ ಮಾಡ್ಲಿ ಬಿಡ್ರಿ. ನನ್ನಂಗ ರೊಟ್ಟಿ ಬಡಿಯೂದಕ್ಕಿಂತ ಏನು ಕಡಿಮಿ?"

"ಟೈಪ್ ಕಲಿಯಾಕ ಮೂರು ತಿಂಗಳು ಸಾಕು," ಅಂದ ಅಪ್ಪ. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ. "ಮೂರು ವರ್ಷ ಪುಣೆ ಯಾಕ ಬೇಕ?"

"ಅಪ್ಪಾ, ಪೂರಾ ಕೇಳ್ರಿ," ಎಂದು ನಾನು ಶುರು ಮಾಡಿದೆ. ಸೆಕ್ಷನ್ನಿನ ವಿಷಯ ಹೇಳಿದೆ, ಅವಳೇ ಬರೆಯುತ್ತಾಳೆ ಎಂದೆ. ಅಪ್ಪ ಎಲ್ಲ ಕೇಳಿಸಿಕೊಂಡ.

"ಬರಿಯಾಕಿ ಆಕಿ ಆದ್ರ ಹೆಸರು ಯಾಕಿಲ್ಲ?"

ನಾನು ಕಂಬದ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದೆ.

"ಅಲ್ಲಿಗೆ ಮುಗೀತು," ಅಂದ ಅಪ್ಪ. "ನಾ ಹಿರ್ಯಾರ ಮುಂದ ಮಾತು ಕೊಟ್ಟೇನಿ." ಅಕ್ಕನ ಕಡೆ ನೋಡಲು ಅವನಿಂದ ಆಗಲಿಲ್ಲ. ಕಂಬಕ್ಕೆ ಹೇಳಿದ ಹಾಗೆ ಹೇಳಿದ. "ನಿನ್ನ ಹೆಸರಿಲ್ಲದಲ್ಲಿ ಆರಾರು ವರ್ಷ ಕುಂದ್ರಾಕ ನಾ ಕಳಸೂದಿಲ್ಲವಾ."

ಅಕ್ಕ ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿ ತೆಗೆದು, ಅವ್ವನ ಪಕ್ಕದಲ್ಲಿ ಹೋಗಿ ಹಿಟ್ಟು ನಾದಲು ಕೂತಳು. ಅಳಲಿಲ್ಲ. ಅತ್ತಿದ್ದರೆ ಅಪ್ಪ ಕರಗುತ್ತಿದ್ದನೇನೋ ಎಂದು ಆಯಿ ಬಹಳ ದಿನ ಹೇಳುತ್ತಿದ್ದಳು.

ಮಾಘದಲ್ಲಿ ಮದುವೆಯಾಯಿತು. ಕಲಘಟಗಿಯವರು ಕಾಟ ಕೊಡುವ ಜನ ಅಲ್ಲ. ಅವರದೊಂದು ಗದ್ದೆಯ ಕೇಸು ದಾಯಾದಿಗಳ ಜೊತೆ ಹನ್ನೊಂದು ವರ್ಷದಿಂದ ನಡೆದಿದೆ. "ಕಾಗದಾ ಓದಾಕ ಮನ್ಯಾಗ ಒಬ್ರು ಆದ್ರು" ಎಂದು ಅಕ್ಕನ ಮಾವ ಈರಪ್ಪನವರು ಮದುವೆಯ ಪಂಕ್ತಿಯಲ್ಲೇ ಎಲ್ಲರಿಗೂ ಹೇಳಿ ನಕ್ಕರು.

ಹೋದ ಪಂಚಮಿಗೆ ಅಕ್ಕನನ್ನು ಕರೆಯಲು ನಾನೇ ಹೋಗಿದ್ದೆ. ಹದಿನಾಲ್ಕು ಜನರ ಊಟ ಮುಗಿಸಿ, ಒಲೆ ಸಾರಿಸಿ, ಕೇಸಿನ ಕಾಗದ ಹರಡಿಕೊಂಡು ಕೂತಿದ್ದಳು. ಎದುರು ಪಕ್ಷದವರು ತಾರೀಖು ತಪ್ಪು ಬರೆದದ್ದನ್ನು ಹಿಡಿದಿದ್ದಳು, ಅವರ ವಕೀಲರಿಗೂ ಕಾಣದ್ದು. ಒಂದು ಹಾಳೆಯಲ್ಲಿ ಎಲ್ಲ ಬರೆದು ಮಾವನ ಕೈಗೆ ಕೊಟ್ಟಳು. ಮಾವ ಅದನ್ನು ಗಂಡನ ಕೈಗೆ ಕೊಟ್ಟರು, ನಿನ್ನ ಅಕ್ಷರದಲ್ಲಿ ನಕಲು ಮಾಡಿಕೊಂಡು ವಕೀಲರ ಹತ್ತಿರ ಹೋಗು ಎಂದು. ಹೆಂಗಸರ ಅಕ್ಷರ ಕಂಡರೆ ವಕೀಲರು ನಗುತ್ತಾರಂತೆ. ಗಂಡ ಅಲ್ಲೇ ಕೂತು ಸಾವಕಾಶವಾಗಿ ನಕಲು ಮಾಡಿದ. ಒಳ್ಳೆಯ ಹುಡುಗ, ತಿಳಿಯದ ಶಬ್ದ ಬಂದಲ್ಲೆಲ್ಲ ಅವಳನ್ನೇ ಕೇಳಿದ.

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. "ಆಕಿ ಇನ್ನೂ ಅಲ್ಲೇ ಅದಾಳೇನೋ, ನೀಲಕ್ಕ?"

"ಅದಾಳ."

"ಪುಣ್ಯಾ ಮಾಡ್ಯಾಳ," ಅಂದಳು. "ಟೈಪರ ಮಾಡ್ತಾಳ."

ಅವತ್ತು ಯಾಕೆ ಹಾಗೆ ಹೇಳಿದೆ ಎಂದು ಅವಳು ನನ್ನನ್ನು ಇವತ್ತಿನವರೆಗೂ ಕೇಳಿಲ್ಲ. ಅಪ್ಪನಂತೂ ಕಟ್ಟೆಯ ಮೇಲೆ ಹೇಳುತ್ತಲೇ ಇರುತ್ತಾನೆ, "ನನ್ನ ಮಗಾ ಸುಳ್ಳು ಹೇಳಾವಲ್ಲ" ಎಂದು. ಅದನ್ನು ಕೇಳಿದಾಗಲೆಲ್ಲ ನಾನು ಕಟ್ಟೆಯಿಂದ ಎದ್ದು ಬರುತ್ತೇನೆ. ಜೂನಿಯರ್ ಅದಾಳ್ರಿ ಎಂದಿದ್ದರೆ ಅಪ್ಪ ಪರೀಕ್ಷೆ ಮಾಡಲು ಹುಬ್ಬಳ್ಳಿಗೆ ಹೋಗುತ್ತಿರಲಿಲ್ಲ, ಅಕ್ಕ ಈಗ ಪುಣೆಯಲ್ಲಿ ಎರಡನೇ ವರ್ಷದಲ್ಲಿರುತ್ತಿದ್ದಳು. ಮೂರು ವರ್ಷದ ಮೇಲೆ ಅವಳೂ ಯಾವುದೋ ಕಿಟಕಿಯ ಪಕ್ಕ ಮಸಿ ಬೆರಳಿನಿಂದ ಬೇರೆಯವರ ಸಹಿಗೆ ಬರೆಯುತ್ತ ಕೂರುತ್ತಿದ್ದಳೋ ಏನೋ, ಯಾರಿಗೆ ಗೊತ್ತು.

ನೀವಾಗಿದ್ದರೆ? ಅಕ್ಕ ಕೊಡ ಇಳಿಸದೆ ನಿಂತಿದ್ದಾಳೆ, ಅಪ್ಪ ಮುಂದಕ್ಕೆ ಬಾಗಿ, ಆಕಿ ಅಲ್ಲಿ ಏನು ಮಾಡ್ತಾಳ ಎಂದು ಕೇಳುತ್ತಿದ್ದಾನೆ. ಏನು ಹೇಳುತ್ತಿದ್ದಿರಿ?